ಬೆನ್ನ ಮೇಲೆ ಕೂಸು, ಕೈಯಲ್ಲಿ ರಕ್ತದ ಸೀಸೆ

ಈಳಿಗೆಮಣೆಯ ಮುಂದೆ ಕುಳಿತ ಯಾವ ಹೆಂಗಸಿನ ಬೆರಳು ಒಮ್ಮೆಯಾದರೂ ಕುಯ್ಯಿಸಿಕೊಳ್ಳದೆ ಉಳಿದಿದೆ, ಹೇಳಿ? ಹುರುಳಿಕಾಯಿ ಹೆಚ್ಚುತ್ತಿರುವಾಗ ಮನಸ್ಸು ಒಲೆಯ ಮೇಲಿನ ಹಾಲಿನ ಕಡೆ ಹೋಯಿತೆನ್ನಿ, ಬೆರಳು ಚುರ್ ಎಂದಿತು. ಆಗ ನಾವು ಮೊದಲು ಮಾಡುವ ಕೆಲಸವೇನು? ಬೆರಳನ್ನು ಬಾಯಿಗಿಟ್ಟುಕೊಳ್ಳುವುದು. ಆಮೇಲೆ ಚಿಟಿಕೆ ಅರಿಶಿನವನ್ನೋ ಕಾಫಿಪುಡಿಯನ್ನೋ ಒತ್ತಿ, ಹಳೇ ಪಂಚೆಯ ಚಿಂದಿ ಸುತ್ತಿ, ಮತ್ತೆ ಹೆಚ್ಚಲು ಕೂರುವುದು. ಕಾಫಿಪುಡಿ ಒತ್ತಬೇಡಿ, ತಣ್ಣೀರಲ್ಲಿ ತೊಳೆದು ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು ಎಂದು ಡಾಕ್ಟರು ಹೇಳುತ್ತಾರೆ. ಹೇಗೂ ಐದು-ಹತ್ತು ನಿಮಿಷದಲ್ಲಿ ರಕ್ತ ನಿಲ್ಲುತ್ತದೆ. ನಾವೂ ಅದನ್ನು ಮರೆತುಬಿಡುತ್ತೇವೆ.

ಆದರೆ ಒಂದು ಕ್ಷಣ ಯೋಚಿಸಿ ನೋಡಿ. ಅದು ನಿಂತಿದ್ದು ಹೇಗೆ? ನಿಲ್ಲದೇ ಹೋಗಿದ್ದರೆ?

ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟು ಮುಚ್ಚಿಟ್ಟರೆ ಬೆಳಿಗ್ಗೆ ಗಟ್ಟಿ ಮೊಸರು. ಅದನ್ನು ಹೆಪ್ಪು ಹಾಕುವುದು ಎನ್ನುತ್ತೇವೆ. ರಕ್ತಕ್ಕೂ ನಮ್ಮ ಹಿರಿಯರು ಅದೇ ಮಾತನ್ನು ಬಳಸಿದ್ದಾರೆ, ರಕ್ತ ಹೆಪ್ಪುಗಟ್ಟಿತು ಎಂದು. ಗಾಯವಾದ ಕೂಡಲೆ ರಕ್ತದಲ್ಲಿರುವ ಒಂದು ಸಾರವಸ್ತು ನೂಲಿನ ಎಳೆಗಳಾಗಿ ಬದಲಾಗುತ್ತದೆ. ಈ ಎಳೆಗೆ ಫೈಬ್ರಿನ್ ಎಂದು ಹೆಸರು. ಕ್ರೋಷಾ ಹಾಕಿದ ಹಾಗೆ ಎಳೆಗೆ ಎಳೆ ಸೇರಿ ಬಲೆಯಾಗುತ್ತದೆ. ಆ ಬಲೆಯಲ್ಲಿ ರಕ್ತದ ಕಣಗಳು ಸಿಕ್ಕಿಕೊಂಡು ಗಾಯದ ಬಾಯಿ ಮುಚ್ಚುತ್ತದೆ.

ಇಷ್ಟೇ ಆಗಿದ್ದರೆ ಕಥೆ ಸುಲಭ. ಆದರೆ ಹೆಪ್ಪು ಹಾಗೆಯೇ ಉಳಿದುಬಿಟ್ಟರೆ ನರನಾಳಗಳೆಲ್ಲ ಕಟ್ಟಿಹೋಗುತ್ತವೆ. ಅದಕ್ಕೇ ದೇಹ ಇನ್ನೊಂದು ಕೆಲಸಗಾರನನ್ನೂ ಇಟ್ಟುಕೊಂಡಿದೆ. ಅದರ ಹೆಸರು ಪ್ಲಾಸ್ಮಿನ್. ಹೆಣೆದದ್ದನ್ನು ಬಿಚ್ಚುವುದೇ ಅದರ ಉದ್ಯೋಗ. ಒಬ್ಬರು ಹೆಣೆಯುತ್ತಾರೆ, ಇನ್ನೊಬ್ಬರು ಬಿಚ್ಚುತ್ತಾರೆ. ಇಬ್ಬರೂ ಅಳತೆ ಮೀರದೆ ಇದ್ದರೆ ನಾವು ಆರೋಗ್ಯವಾಗಿರುತ್ತೇವೆ. ಬಿಚ್ಚುವವನ ಕೈ ಮುಂದಾಯಿತೋ, ರಕ್ತ ನಿಲ್ಲುವುದಿಲ್ಲ.

ನಮ್ಮ ಬಾಯಿಯ ಎಂಜಲಿನಲ್ಲಿ ಈ ಇಬ್ಬರೂ ಇದ್ದಾರೆ ಎಂದರೆ ನಿಮಗೆ ಸೋಜಿಗವಾಗಬಹುದು. ಎಂಜಲಿನಲ್ಲಿ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಚೀಲಗಳಿದ್ದು, ಹೆಪ್ಪುಗಟ್ಟುವುದನ್ನು ಶುರುಮಾಡುವ ವಸ್ತು ಅವುಗಳ ಮೇಲಿದೆ ಎಂದು ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು 2011ರಲ್ಲಿ ತೋರಿಸಿದರು. ಕುಯ್ದ ಬೆರಳನ್ನು ಮಕ್ಕಳು ತಾವಾಗಿ ಬಾಯಿಗಿಟ್ಟುಕೊಳ್ಳುವುದರ ಹಿಂದೆ ಹೀಗೊಂದು ಗುಟ್ಟು! ಅದೇ ಎಂಜಲಿನಲ್ಲಿ ಹೆಪ್ಪನ್ನು ಕರಗಿಸುವ ವಸ್ತುವೂ ಇದೆ. ಹಲ್ಲು ಕೀಳಿಸಿಕೊಂಡ ದಿನ ಪದೇ ಪದೇ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಹತ್ತಿಯನ್ನು ಕಚ್ಚಿಕೊಂಡಿರಿ ಎಂದು ದಂತವೈದ್ಯರು ಹೇಳುವುದು ಅಲ್ಲಿ ಕೂತ ಹೆಪ್ಪು ಕದಲದಿರಲಿ ಎಂದು. ಇಂದು ಎಂಜಲನ್ನು ಪರೀಕ್ಷೆ ಮಾಡಿ ದೇಹದ ಹಾರ್ಮೋನುಗಳನ್ನು ಅಳೆಯುತ್ತಾರೆ, ಕೊರೋನಾದಂಥ ಸೋಂಕನ್ನೂ ಪತ್ತೆಹಚ್ಚುತ್ತಾರೆ. ಮಡಿ-ಮೈಲಿಗೆಯ ಲೆಕ್ಕದಲ್ಲಿ ನಾವು ದೂರ ಇಡುವ ಎಂಜಲು ಪ್ರಯೋಗಶಾಲೆಯಲ್ಲಿ ಬೆಲೆಯುಳ್ಳ ವಸ್ತು.

ಮಲೆನಾಡಿನ ಓದುಗರಿಗೆ ಉಂಬಳದ ಪರಿಚಯ ಮಾಡಿಸಬೇಕಾಗಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಕಾಲಿನ ಸಂದಿಯಲ್ಲಿ ಒಂದಾದರೂ ಕಚ್ಚಿಕೊಂಡಿರುತ್ತದೆ. ಸುಣ್ಣ ಮುಟ್ಟಿಸಿ ಬಿಡಿಸಿದರೂ ರಕ್ತ ಮಾತ್ರ ನಿಲ್ಲದು. ಅದರ ಬಾಯಿರಸದಲ್ಲಿ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇದೆ ಎಂದು 1884ರಲ್ಲಿಯೇ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ಕಂಡುಹಿಡಿದರು. ನಮ್ಮ ಸುಶ್ರುತ ಸಂಹಿತೆಯಲ್ಲಿ ಜಿಗಣೆ ಕಚ್ಚಿಸಿ ಮಾಡುವ ಚಿಕಿತ್ಸೆಯ ವಿವರವಿರುವುದನ್ನು ನೀವು ಕೇಳಿರಬಹುದು. ರಕ್ತ ಹರಿಸುವ ವಿದ್ಯೆ ಮನುಷ್ಯನಿಗೆ ಬಹಳ ಹಿಂದೆಯೇ ಗೊತ್ತಿತ್ತು. ರಕ್ತ ನಿಲ್ಲಿಸುವ ವಿದ್ಯೆಯೇ ತಡವಾಗಿ ಬಂದದ್ದು.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಈ ರಕ್ತ ನಿಲ್ಲಿಸುವ ವಿದ್ಯೆಯಲ್ಲಿ ಒಬ್ಬ ಗೃಹಿಣಿಯ, ಒಬ್ಬ ತಾಯಿಯ ಪಾಲು ದೊಡ್ಡದಿದೆ. ಆಕೆಯ ಹೆಸರು ನಮ್ಮ ಊರುಗಳಲ್ಲಿ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಾದದ್ದು ನನ್ನದೇ ಒಂದು ಕಷ್ಟದ ಮೂಲಕ.

ನನಗಾಗ ನಲವತ್ತನಾಲ್ಕು. ತಿಂಗಳ ಮೂರು ದಿನ ಎನ್ನುವುದು ಹತ್ತು ದಿನವಾಗಿತ್ತು. ಹೊರಗೆ ಹೊರಡುವಾಗ ಕಡುಬಣ್ಣದ ಸೀರೆ, ಕೈಚೀಲದಲ್ಲಿ ಇನ್ನೊಂದು ಲಂಗ. ಮದುವೆ ಮನೆಯಲ್ಲಿ ಕೂತ ಕುರ್ಚಿಯಿಂದ ಏಳಲು ಭಯ. ಮೆಟ್ಟಿಲು ಹತ್ತಿದರೆ ಎದೆ ಡವಡವ. ನೆರೆಮನೆಯವರನ್ನು ಕೇಳಿದರೆ, “ಈ ವಯಸ್ಸಿಗೆ ಎಲ್ರಿಗೂ ಹಾಗೇ ಕಣ್ರೀ, ನಿಲ್ಲೋ ಕಾಲ ಬಂತಲ್ಲ” ಎನ್ನುವರು. ಒಂದು ದಿನ ನಮ್ಮ ಅತ್ತೆಯವರೇ ನನ್ನ ಮುಖ ನೋಡಿ, “ಏನಮ್ಮಾ, ಸುಣ್ಣ ಬಳಿದ ಗೋಡೆ ಹಾಗಾಗಿದೀಯಲ್ಲ, ನಡಿ ಡಾಕ್ಟರತ್ರ ಹೋಗಿಬರೋಣ” ಎಂದು ಕೈ ಹಿಡಿದು ಎಬ್ಬಿಸಿದರು. ಲೇಡಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಸ್ಕ್ಯಾನಿಂಗ್ ಮಾಡಿಸಿ, ಗೆಡ್ಡೆ-ಗಂಟು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಬ್ಬಿಣದ ಮಾತ್ರೆಯ ಜೊತೆಗೆ ಇನ್ನೊಂದು ಮಾತ್ರೆ ಬರೆದುಕೊಟ್ಟರು. ಸ್ರಾವ ಹೆಚ್ಚಿರುವ ದಿನಗಳಲ್ಲಿ ಮಾತ್ರ ಅದನ್ನು ತೆಗೆದುಕೊಳ್ಳಬೇಕು ಎಂದರು.

ಎರಡನೆಯ ತಿಂಗಳಿಗೇ ವ್ಯತ್ಯಾಸ ತಿಳಿಯಿತು. ನಾಲ್ಕನೆಯ ತಿಂಗಳಲ್ಲಿ ಮಗಳ ಕಾಲೇಜಿನ ಸಮಾರಂಭಕ್ಕೆ ತಿಳಿಹಳದಿ ಸೀರೆ ಉಟ್ಟುಕೊಂಡು ಹೋಗಿ ಎರಡು ಗಂಟೆ ನೆಮ್ಮದಿಯಾಗಿ ಕೂತು ಬಂದೆ. ಆ ಸಂತೋಷ ಏನೆಂದು ಗಂಡಸರಿಗೆ ಹೇಳಿದರೆ ಅರ್ಥವಾದೀತೆ? ನಿಮಗಾಗುತ್ತದೆ.

ಮಾತ್ರೆಯ ಹಾಳೆಯ ಹಿಂದೆ ಟ್ರಾನೆಕ್ಸಾಮಿಕ್ ಆಮ್ಲ ಎಂದು ಅಚ್ಚಾಗಿತ್ತು. ಆಮ್ಲವೆಂದರೆ ನನ್ನ ತಲೆಯಲ್ಲಿ ಬಚ್ಚಲು ತೊಳೆಯುವ ಆಸಿಡ್ಡು! ಫಾರ್ಮಸಿ ಓದುತ್ತಿದ್ದ ಮಗಳನ್ನು ಕೇಳಿದೆ. “ಅಮ್ಮಾ, ಹುಣಿಸೆಹಣ್ಣಲ್ಲೂ ಆಮ್ಲ ಇದೆ, ನಿಂಬೆಹಣ್ಣಲ್ಲೂ ಇದೆ. ಹೆದರ್‍ಕೋಬೇಡ. ಇದನ್ನ ಕಂಡುಹಿಡಿದದ್ದು ಜಪಾನಿನ ಒಬ್ರು ಹೆಂಗಸು, ಗಂಡನ ಜೊತೆ ಸೇರಿ” ಎಂದಳು. ಅಂದಿನಿಂದ ಆಕೆಯ ವಿಷಯ ಎಲ್ಲಿ ಸಿಕ್ಕರೂ ಓದಿಸಿಕೊಂಡೆ, ಕೇಳಿ ತಿಳಿದುಕೊಂಡೆ. ನಿಮಗೂ ಹೇಳಬೇಕೆನ್ನಿಸಿತು.

ಆಕೆಯ ಹೆಸರು ಉತಾಕೊ ಒಕಾಮೊಟೊ. ಹುಟ್ಟಿದ್ದು 1918ರಲ್ಲಿ. ಟೋಕಿಯೋದಲ್ಲಿ ಮೊದಲು ದಂತವೈದ್ಯಕೀಯ ಓದಲು ಹೊರಟವರು, ಆಮೇಲೆ ವೈದ್ಯಕೀಯಕ್ಕೆ ಬದಲಾಯಿಸಿಕೊಂಡರು. 1941ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಕಾಲೇಜಿನಿಂದ ಡಾಕ್ಟರಾಗಿ ಹೊರಬಂದರು. ಯುದ್ಧದ ಕಾಲ. 1945ರಲ್ಲಿ ಕೇಯೋ ವಿಶ್ವವಿದ್ಯಾನಿಲಯಕ್ಕೆ ಸಂಶೋಧನೆ ಮಾಡಲು ಸೇರಿದರು. ಪತಿ ಶೋಸುಕೆ ಒಕಾಮೊಟೊ ಕೂಡ ಸಂಶೋಧಕರೇ.

ಯುದ್ಧದಲ್ಲಿ ಸೋತ ದೇಶ. ಊಟಕ್ಕೇ ತತ್ವಾರ, ಇನ್ನು ಸಂಶೋಧನೆಗೆ ಹಣವೆಲ್ಲಿಂದ ಬರಬೇಕು? ಯಾವ ವಿಷಯ ಹಿಡಿಯೋಣ ಎಂದು ಗಂಡ-ಹೆಂಡತಿ ಯೋಚಿಸಿದರು. ರಕ್ತವನ್ನೇ ಆರಿಸಿಕೊಂಡರು. ಏಕೆ ಗೊತ್ತೆ? ಪ್ರಯೋಗಕ್ಕೆ ಬೇಕಾದ ರಕ್ತ ಸಿಗದೆ ಹೋದರೆ ತಮ್ಮ ಮೈಯಿಂದಲೇ ತೆಗೆದುಕೊಳ್ಳಬಹುದಲ್ಲ ಎಂದು! ಇದನ್ನು ಉತಾಕೊ ಅವರೇ ಮುಂದೆ ವಯಸ್ಸಾದ ಮೇಲೆ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಏನೂ ಇಲ್ಲದ ದಿನ ಇದ್ದುದರಲ್ಲೇ ಸಾರು ಮಾಡಿ ಬಡಿಸುವ ಗೃಹಿಣಿಯ ಬುದ್ಧಿ ಇದು ಎಂದು ನನಗನ್ನಿಸುತ್ತದೆ.

ಅವರಿಗೊಬ್ಬಳು ಮಗಳು ಹುಟ್ಟಿದಳು. ನೋಡಿಕೊಳ್ಳುವವರು ಯಾರೂ ಇಲ್ಲ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಶಾಲೆಯಲ್ಲಿ ನಿಂತು ಕೆಲಸ ಮಾಡಿದರಂತೆ. ಮುಂದೆ ರಕ್ತದ ಸೀಸೆ, ಹಿಂದೆ ಮಗು. ಮಗು ಹೆಚ್ಚು ಹಟ ಮಾಡುತ್ತಿರಲಿಲ್ಲವಾದ್ದರಿಂದ ಸಾಗಿತು. ಗದ್ದೆಯ ಬದುವಿನಲ್ಲಿ ಜೋಳಿಗೆ ಕಟ್ಟಿ ಮಗು ಮಲಗಿಸಿ ನೆಟ್ಟಿಗೆ ಇಳಿಯುವ ನಮ್ಮ ಹೆಂಗಸರಿಗೂ ಈಕೆಗೂ ಏನು ವ್ಯತ್ಯಾಸ, ಹೇಳಿ?

ಇವರ ಯೋಚನೆ ಹೀಗಿತ್ತು. ಹೆಪ್ಪನ್ನು ಬಿಚ್ಚುವ ಪ್ಲಾಸ್ಮಿನ್ ಅತಿಯಾಗಿ ಕೆಲಸ ಮಾಡದಂತೆ ತಡೆದರೆ, ದೇಹ ತಾನೇ ಹಾಕಿಕೊಂಡ ಹೆಪ್ಪು ಉಳಿಯುತ್ತದೆ, ರಕ್ತ ನಿಲ್ಲುತ್ತದೆ. ತಡೆಯುವುದು ಹೇಗೆ? ಅವರು ಲೈಸಿನ್ ಎಂಬ ವಸ್ತುವಿನಿಂದ ಶುರುಮಾಡಿದರು. ಇದು ನಮ್ಮ ಬೇಳೆಕಾಳುಗಳಲ್ಲಿ ಚೆನ್ನಾಗಿ ಇರುವ, ಅಕ್ಕಿಯಲ್ಲಿ ಕಡಿಮೆ ಇರುವ ಪೋಷಕಾಂಶ. ಅನ್ನದ ಜೊತೆ ಬೇಳೆ ಹುಳಿ ಬೇಕೆನ್ನುವುದು ಇದಕ್ಕೇ. ಫೈಬ್ರಿನ್ನಿನ ಎಳೆಯ ಮೇಲೂ ಅಲ್ಲಲ್ಲಿ ಲೈಸಿನ್ ಇರುತ್ತದೆ. ಬಿಚ್ಚುವ ಕೆಲಸಗಾರ ಮೊದಲು ಅದನ್ನು ಹಿಡಿದುಕೊಂಡೇ ಎಳೆಯ ಮೇಲೆ ಕೂರಬೇಕು.

ರವಿಕೆಯ ಹುಕ್ಕು-ಕಣ್ಣು ನೆನೆಸಿಕೊಳ್ಳಿ. ಎಳೆಯ ಮೇಲಿರುವ ಲೈಸಿನ್ನೇ ಹುಕ್ಕು. ಬಿಚ್ಚುವವನ ಮೈಮೇಲೆ ಕಣ್ಣು. ಎರಡೂ ಸೇರಿದರೆ ಬಿಚ್ಚುವ ಕೆಲಸ ಶುರು. ಈಗ ಆ ಕಣ್ಣಿಗೆ ಬೇರೊಂದು ಹುಕ್ಕನ್ನು ಮೊದಲೇ ಸಿಕ್ಕಿಸಿಟ್ಟರೆ? ಅವನು ಎಳೆಯ ಬಳಿ ಬಂದರೂ ಹಿಡಿದುಕೊಳ್ಳಲು ಜಾಗವಿರುವುದಿಲ್ಲ. ಲೈಸಿನ್ನನ್ನು ಹೋಲುವ ಅಂಥದೊಂದು ಸುಳ್ಳು ಹುಕ್ಕನ್ನು ಹುಡುಕುವುದೇ ದಂಪತಿಗಳ ಕೆಲಸವಾಯಿತು. 1950ರ ದಶಕದಲ್ಲಿ ಒಂದು ಸಿಕ್ಕಿತು. ಎಪ್ಸಿಲಾನ್ ಅಮೈನೊಕೆಪ್ರೋಯಿಕ್ ಆಮ್ಲವೆಂಬ ಉದ್ದ ಹೆಸರಿನದು. ಕೆಲಸವನ್ನೇನೋ ಮಾಡಿತು, ಆದರೆ ಬಹಳ ಪ್ರಮಾಣದಲ್ಲಿ ಕೊಡಬೇಕಾಗಿತ್ತು. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಹುಡುಕುತ್ತಾ ಹೋಗಿ ಅದಕ್ಕಿಂತ ಸುಮಾರು 27 ಪಟ್ಟು ಶಕ್ತಿಯ ವಸ್ತುವನ್ನು ಪಡೆದು 1962ರಲ್ಲಿ ಪ್ರಕಟಿಸಿದರು. ಅದೇ ಟ್ರಾನೆಕ್ಸಾಮಿಕ್ ಆಮ್ಲ.

ಅದರಲ್ಲೂ ಒಂದು ಸ್ವಾರಸ್ಯವಿದೆ. ಈ ವಸ್ತು ಎರಡು ರೂಪದಲ್ಲಿರಬಲ್ಲುದು. ಎರಡರಲ್ಲೂ ಭಾಗಗಳು ಅವೇ, ಜೋಡಣೆ ಬೇರೆ. ಬಾಣಲೆಯ ಹಿಡಿಗಳನ್ನು ನೆನೆಸಿಕೊಳ್ಳಿ. ಎರಡು ಹಿಡಿ ಎದುರುಬದುರಾಗಿದ್ದರೆ ಎತ್ತಬಹುದು. ಎರಡೂ ಒಂದೇ ಪಕ್ಕಕ್ಕಿದ್ದರೆ ಎಣ್ಣೆಯೆಲ್ಲ ಚೆಲ್ಲಿಹೋಗುತ್ತದೆ. ಹಾಗೆಯೇ ಎರಡು ತುದಿಗಳು ಎದುರುಬದುರಾಗಿರುವ ರೂಪವೇ ರಕ್ತ ನಿಲ್ಲಿಸುವುದು. ಹೆಸರಿನ ಮೊದಲಲ್ಲಿರುವ ಟ್ರಾನ್ಸ್ ಎಂಬ ಮಾತಿನ ಅರ್ಥ ಇಷ್ಟೇ. ರಸಾಯನಶಾಸ್ತ್ರವೆಂದರೆ ನಮಗೆ ದೂರದ ಮಾತಲ್ಲ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಇಷ್ಟು ದೊಡ್ಡ ಕೆಲಸ ಮಾಡಿದವರಿಗೆ ಸಿಕ್ಕ ಮರ್ಯಾದೆ ಕೇಳಿ. ಒಮ್ಮೆ ಮಕ್ಕಳ ವೈದ್ಯರ ಸಭೆಗೆ ಇನ್ನೊಬ್ಬ ಮಹಿಳೆಯ ಜೊತೆ ಹೋದಾಗ, ಇದು ಹೆಂಗಸರು ಮಕ್ಕಳಿಗಲ್ಲ ಎಂದು ಹೊರಗೆ ಕಳಿಸಿದರಂತೆ. ಮಕ್ಕಳ ವೈದ್ಯರ ಸಭೆ, ಅದು ಹೆಂಗಸರು ಮಕ್ಕಳಿಗಲ್ಲ! ಇನ್ನೊಮ್ಮೆ ತಮ್ಮ ಸಂಶೋಧನೆಯನ್ನು ವಿವರಿಸಲು ವೇದಿಕೆ ಹತ್ತಿದರೆ, ಎದುರು ಕೂತ ಗಂಡಸರು ನಮಗಾಗಿ ಡ್ಯಾನ್ಸ್ ಮಾಡುತ್ತೀರಾ ಎಂದು ಹಾಸ್ಯ ಮಾಡಿದರಂತೆ. ಉತಾಕೊ ಕುಣಿಯಲೂ ಇಲ್ಲ, ಅಳಲೂ ಇಲ್ಲ. ಹೇಳಬೇಕಾದ್ದನ್ನು ಹೇಳಿ ಕೆಳಗಿಳಿದರು. 1966ರಿಂದ 1990ರವರೆಗೆ ಕೋಬೆ ಗಾಕುಯಿನ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು.

ಔಷಧಿ ಹೊರದೇಶಗಳಿಗೆ ಹೋಯಿತು. 1960ರ ದಶಕದಲ್ಲಿಯೇ ಸ್ವೀಡನ್ನಿನ ವೈದ್ಯರು ತಿಂಗಳ ಅತಿಸ್ರಾವಕ್ಕೆ ಕೊಟ್ಟು ನೋಡಿ ಒಳ್ಳೆಯದೆಂದರು. ಎಂಜಲಿನ ವಿಷಯ ಹೇಳಿದೆನಲ್ಲ, 1989ರಲ್ಲಿ ಉತ್ತರ ಯೂರೋಪಿನ ವೈದ್ಯರು ಇದರ ದ್ರಾವಣದಿಂದ ಬಾಯಿ ಮುಕ್ಕಳಿಸಲು ಕೊಟ್ಟರು. ರಕ್ತ ತಿಳಿಯಾಗಿಸುವ ಮಾತ್ರೆ ನುಂಗುವ ಹೃದಯರೋಗಿಗಳಿಗೂ ಬಾಯಿಯ ಶಸ್ತ್ರಚಿಕಿತ್ಸೆಯಾದ ಮೇಲೆ ರಕ್ತಸ್ರಾವ ಬಹಳ ಕಡಿಮೆಯಾದುದನ್ನು ಕಂಡರು. ಹಲ್ಲಿನ ಡಾಕ್ಟರಾಗಲು ಹೊರಟ ಹುಡುಗಿಯ ಔಷಧಿ ಹೀಗೆ ಹಲ್ಲಿನ ಡಾಕ್ಟರರ ಕೈಗೂ ಬಂದಿತು.

ಆದರೆ ಉತಾಕೊ ಅವರ ಮನಸ್ಸಿನಲ್ಲಿದ್ದದ್ದು ಬೇರೆಯೇ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಸಾಯುವ ತಾಯಂದಿರಿಗೆ ಇದು ಆಗಬೇಕು ಎಂಬುದು ಅವರ ಆಸೆ. ಕೋಬೆಯ ಹೆರಿಗೆ ವೈದ್ಯರನ್ನು ಕೇಳಿಕೊಂಡರು, ಒಂದು ದೊಡ್ಡ ಪರೀಕ್ಷೆ ನಡೆಸಿ ನೋಡಿ ಎಂದು. ಯಾರೂ ಒಪ್ಪಲಿಲ್ಲ.

ಇಲ್ಲಿ ನನ್ನ ಚಿಕ್ಕಮ್ಮನ ಮಾತು ಹೇಳಲೇಬೇಕು. ಅಮ್ಮನ ತಂಗಿ. ಹಾಡು, ರಂಗೋಲಿ, ಹೂಕಟ್ಟುವುದು, ಎಲ್ಲದರಲ್ಲೂ ಮುಂದು. 1974ರ ಆಷಾಢದಲ್ಲಿ, ನಾನು ಆರು ವರ್ಷದವಳು, ಚಿಕ್ಕಮ್ಮ ಅಜ್ಜಿಮನೆಗೆ ಬಾಣಂತನಕ್ಕೆ ಬಂದಿದ್ದಳು. ಹಗಲು ಹನ್ನೊಂದಕ್ಕೆ ಗಂಡುಮಗುವಾಯಿತು. ಮನೆಯಲ್ಲಿ ಸಕ್ಕರೆ ಹಂಚಿದರು. ಮಧ್ಯಾಹ್ನದ ಹೊತ್ತಿಗೆ ಹಿತ್ತಲಲ್ಲಿ ಒಗೆಯುವ ಕಲ್ಲಿನ ಹತ್ತಿರ ಬಟ್ಟೆಯ ರಾಶಿ ಬೆಳೆಯುತ್ತಾ ಹೋಯಿತು. ಹೊಳೆ ತುಂಬಿ ದೋಣಿ ನಿಂತಿತ್ತು. ದೀಪ ಹಚ್ಚುವ ಹೊತ್ತಿಗೆ ಚಿಕ್ಕಮ್ಮ ಇರಲಿಲ್ಲ. ಮಗುವನ್ನು ನಮ್ಮಮ್ಮ ತನ್ನ ಮಡಿಲಿಗೆ ಹಾಕಿಕೊಂಡಳು. ಅವನು ಇಂದಿಗೂ ನನಗೆ ಒಡಹುಟ್ಟಿದ ತಮ್ಮನೇ.

ಲೆಕ್ಕ ನೋಡಿ. ಔಷಧಿ ಪ್ರಕಟವಾದದ್ದು 1962. ಚಿಕ್ಕಮ್ಮ ಹೋದದ್ದು 1974. ಹನ್ನೆರಡು ವರ್ಷದಲ್ಲಿ ಅದು ನಮ್ಮ ಹೊಳೆ ದಾಟಿ ಬರಲಿಲ್ಲವೆಂದರೆ ಆಶ್ಚರ್ಯವಿಲ್ಲ. ಆದರೆ ಬಾಣಂತಿಯರ ಪ್ರಾಣ ಉಳಿಸುತ್ತದೆಯೇ ಎಂದು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಜಗತ್ತು ಶುರುಮಾಡಿದ್ದು 2010ರಲ್ಲಿ. ನಲವತ್ತೆಂಟು ವರ್ಷ! ಇಷ್ಟು ಕಾಲ ಆ ಪ್ರಶ್ನೆ ಯಾರಿಗೂ ತುರ್ತೆನಿಸಲಿಲ್ಲವೆ?

ಮೊದಲು ಅಪಘಾತದಲ್ಲಿ ಗಾಯಗೊಂಡವರ ಮೇಲೆ ಪರೀಕ್ಷೆಯಾಯಿತು. ಲಂಡನ್ನಿನ ಒಂದು ಸಂಸ್ಥೆ ಮುಂದೆ ನಿಂತು 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳಲ್ಲಿ ನೋಡಿತು. ನಮ್ಮ ದೇಶದ ಆಸ್ಪತ್ರೆಗಳೂ ಅದರಲ್ಲಿದ್ದವು. 2010ರಲ್ಲಿ ಫಲಿತಾಂಶ ಬಂತು, ಬೇಗ ಕೊಟ್ಟರೆ ಪ್ರಾಣ ಉಳಿಯುತ್ತದೆ ಎಂದು. ಆಮೇಲೆ ತಾಯಂದಿರ ಸರದಿ. 21 ದೇಶಗಳ 193 ಆಸ್ಪತ್ರೆಗಳು, 20,060 ಬಾಣಂತಿಯರು. 2017ರ ಏಪ್ರಿಲ್‌ನಲ್ಲಿ ಫಲಿತಾಂಶ ಹೊರಬಿತ್ತು. ಹೆರಿಗೆಯಾದ 3 ಗಂಟೆಯೊಳಗೆ ಈ ಔಷಧಿಯನ್ನು ಸೂಜಿಯ ಮೂಲಕ ಕೊಟ್ಟರೆ, ರಕ್ತಸ್ರಾವದಿಂದ ಆಗುವ ಸಾವು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗುತ್ತದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಇದನ್ನು ಶಿಫಾರಸು ಮಾಡಿತು.

ಉತಾಕೊ ಒಕಾಮೊಟೊ 2016ರ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ತೊಂಬತ್ತೆಂಟು ವರ್ಷ. ಒಂದೇ ವರ್ಷದ ಅಂತರದಲ್ಲಿ ಆ ಸುದ್ದಿ ಅವರಿಗೆ ತಪ್ಪಿತು. ಆದರೆ ಪರೀಕ್ಷೆ ನಡೆಯುತ್ತಿರುವಾಗಲೇ ಅವರನ್ನು ಕಂಡು ಮಾತನಾಡಿಸಿದವರಿಗೆ, ಇದು ಕೆಲಸ ಮಾಡುತ್ತದೆಂದು ನನಗೆ ಗೊತ್ತೇ ಇದೆ ಎಂಬಂತೆ ಉತ್ತರಿಸಿದ್ದರಂತೆ.

ಇದನ್ನೆಲ್ಲ ನಮ್ಮಮ್ಮನಿಗೆ ಹೇಳಿದೆ. ಎಂಬತ್ತು ದಾಟಿದ ಜೀವ. ಬತ್ತಿ ಹೊಸೆಯುತ್ತಾ ಕೇಳುತ್ತಿದ್ದಳು. ಚಿಕ್ಕಮ್ಮನ ಹೆಸರು ಮನೆಯಲ್ಲಿ ಎತ್ತುವುದೇ ಅಪರೂಪ. ಬಹಳ ಹೊತ್ತಿನ ಮೇಲೆ, “ಆ ದಿನ ಬಟ್ಟೆ ಒಗೆದವಳು ನಾನೇ ಕಣೆ. ಎಷ್ಟು ಹೋಯ್ತು ಅಂತ ಯಾರೂ ಕೇಳ್ಲಿಲ್ಲ, ನನಗೆ ಮಾತ್ರ ಗೊತ್ತು” ಎಂದಳು. ಇಷ್ಟು ವರ್ಷ ಅವಳೊಬ್ಬಳೇ ಹೊತ್ತುಕೊಂಡಿದ್ದ ಲೆಕ್ಕ ಅದು.

ಎಷ್ಟು ಹೋಯ್ತು ಎನ್ನುವ ಆ ಪ್ರಶ್ನೆಯನ್ನು ಸರಿಯಾಗಿ ಕೇಳಿದವರು ನಮ್ಮ ಬೆಳಗಾವಿಯಲ್ಲಿದ್ದಾರೆ ಎಂಬುದು ನಮ್ಮ ಹೆಮ್ಮೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ, ಹೆರಿಗೆಯ ಸಮಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಗೆರೆಯಿರುವ ಚೀಲದ ಪ್ಲಾಸ್ಟಿಕ್ ಹಾಳೆಯನ್ನು ಬಳಸಿ ನೋಡಿದರು. ಕಣ್ಣಂದಾಜಿನ ಲೆಕ್ಕ ನಿಜವಾದ ಅಳತೆಗಿಂತ ಮೂರನೆಯ ಒಂದು ಪಾಲು ಕಡಿಮೆ ಬರುತ್ತದೆಂದು ಕಂಡುಬಂತು. ಪಾವು-ಸೇರು ಇಟ್ಟುಕೊಂಡು ಅಕ್ಕಿ ಅಳೆಯುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಅದೇ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ಹೆರಿಗೆಗಳಲ್ಲಿ ಇನ್ನೊಂದು ಔಷಧಿಯ ಪರೀಕ್ಷೆಯಾಯಿತು. ಅದು ಗರ್ಭಕೋಶವನ್ನು ಬಿಗಿ ಮಾಡುವ ಮಿಸೊಪ್ರೊಸ್ಟಾಲ್ ಮಾತ್ರೆ. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ನಮ್ಮ ಊರಿನ ಎ.ಎನ್.ಎಂ. ಸಿಸ್ಟರುಗಳು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ ಸುಮಾರು 6ಕ್ಕೆ ಇಳಿಯಿತು. 2006ರಲ್ಲಿ ಇದು ಪ್ರಕಟವಾದ ಮೇಲೆ ಹಲವು ದೇಶಗಳವರು ಬೆಳಗಾವಿಯ ಕಡೆ ನೋಡಿದರು.

ಕರ್ನಾಟಕದಲ್ಲಿ 2004-06ರಲ್ಲಿ ಒಂದು ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69 ಆಗಿತ್ತು. ಇಳಿದಿದೆ, ನಿಜ. ಆದರೆ ಆ 69 ಮನೆಗಳಲ್ಲಿ ಒಂದೊಂದರಲ್ಲೂ ಒಬ್ಬ ಅಮ್ಮನೋ ಅಕ್ಕನೋ ಬತ್ತಿ ಹೊಸೆಯುತ್ತಾ ಸುಮ್ಮನೆ ಕೂತಿರುತ್ತಾಳೆ.

ಆದ್ದರಿಂದ ಮಗಳೋ ಸೊಸೆಯೋ ಬಸಿರಾಗಿದ್ದರೆ ಕೆಲವು ಮಾತು ನೆನಪಿಡಿ. ಒಂದು, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ರಕ್ತ ಕಡಿಮೆಯಿರುವವಳಿಗೆ ಸ್ವಲ್ಪ ಹೋದರೂ ಅಪಾಯ. ಮಾತ್ರೆ ನುಂಗಿದ ಕೂಡಲೆ ಕಾಫಿ, ಟೀ ಬೇಡ. ಒಂದು ಲೋಟ ನಿಂಬೆಹಣ್ಣಿನ ಪಾನಕ ಕೊಡಿ. ಎರಡು, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಮಗು ಹುಟ್ಟಿದ ಕೂಡಲೆ ತಾಯಿಗೆ ಗರ್ಭಕೋಶ ಬಿಗಿಯಾಗುವ ಇಂಜೆಕ್ಷನ್ ಕೊಡುವ ಪದ್ಧತಿ ಇದೆ, ಕೊಟ್ಟರೇ ಎಂದು ವಿಚಾರಿಸಲು ಸಂಕೋಚ ಬೇಡ. ಮೂರು, ಬಾಣಂತಿಯ ಬಟ್ಟೆಯ ಮೇಲೆ ಮನೆಯ ಹಿರಿಯ ಹೆಂಗಸಿನ ಕಣ್ಣಿರಲಿ. ಮಗುವನ್ನು ಎತ್ತಿಕೊಳ್ಳುವವರು ಹತ್ತು ಜನ, ತಾಯಿಯ ಹಾಸಿಗೆ ನೋಡುವವರು ಒಬ್ಬರಾದರೂ ಬೇಕು. ಒಂದು ಗಂಟೆಯೊಳಗೆ ಪ್ಯಾಡು ಪೂರ್ತಿ ನೆನೆದರೆ, ತಲೆ ಸುತ್ತಿದರೆ, ಮೈ ತಣ್ಣಗೆ ಬೆವರಿದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಮನೆಯಲ್ಲಿದ್ದರೆ 108ಕ್ಕೆ ಫೋನು ಮಾಡಿ. ಔಷಧಿ ಪ್ರತಿ 15 ನಿಮಿಷ ತಡವಾದರೂ ಅದರ ಪ್ರಯೋಜನ ಸುಮಾರು ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಯಜಮಾನರು ಬರಲಿ, ಕೇಳಿ ನೋಡೋಣ ಎಂದು ಕಾಯುವ ಹೊತ್ತು ಅದಲ್ಲ.

ತಿಂಗಳ ಸ್ರಾವದ ಬಗ್ಗೆಯೂ ಒಂದು ಮಾತು. ಏಳು ದಿನಕ್ಕಿಂತ ಹೆಚ್ಚು ಹೋಗುವುದು, ಗಂಟೆಗೊಂದು ಪ್ಯಾಡು ಬದಲಾಯಿಸಬೇಕಾಗುವುದು, ದೊಡ್ಡ ಗರಣೆ ಬೀಳುವುದು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಕಾಣಿಸುವುದು, ಇವು ವಯಸ್ಸಿನ ಸಹಜವಲ್ಲ. ಡಾಕ್ಟರಿಗೆ ತೋರಿಸಿ. ಕಾರಣ ಗೆಡ್ಡೆಯಿರಬಹುದು, ಥೈರಾಯ್ಡ್ ಇರಬಹುದು, ಇನ್ನೂ ಬೇರೆ ಇರಬಹುದು. ನಾನು ಈ ಲೇಖನದಲ್ಲಿ ಹೆಸರು ಹೇಳಿದೆನೆಂದು ಅಂಗಡಿಗೆ ಹೋಗಿ ಮಾತ್ರೆ ತಂದು ನುಂಗಬೇಡಿ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಆಗದು. ಮೂತ್ರಪಿಂಡದ ತೊಂದರೆಯಿರುವವರೂ, ಗರ್ಭನಿರೋಧಕ ಮಾತ್ರೆ ನುಂಗುವವರೂ ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಹೆಪ್ಪನ್ನು ಬಿಚ್ಚುವವನೂ ದೇಹಕ್ಕೆ ಬೇಕಾದವನೇ ಎಂದು ಮೊದಲೇ ಹೇಳಿದೆನಲ್ಲ!

ಔಷಧಿಗೂ ಮಿತಿಯಿದೆ. ರಕ್ತಹೀನತೆಯಿರುವ ತಾಯಂದಿರಿಗೆ ಹೆರಿಗೆಯಾದ ಕೂಡಲೇ ಮುಂಜಾಗ್ರತೆಗೆಂದು ಕೊಟ್ಟರೆ ಸ್ರಾವ ಬಾರದಂತೆ ತಡೆದೀತೆ ಎಂದು 15,000 ಬಾಣಂತಿಯರಲ್ಲಿ ನೋಡಿದರು. ತಡೆಯಲಿಲ್ಲವೆಂದು 2023ರಲ್ಲಿ ತಿಳಿಯಿತು. ಅಂದರೆ ಸ್ರಾವ ಶುರುವಾದಾಗ ಬೇಗ ಗುರುತಿಸುವ ಕಣ್ಣಿಗೆ, ಬಸಿರಿನಲ್ಲೇ ರಕ್ತ ತುಂಬಿಕೊಳ್ಳುವ ಊಟಕ್ಕೆ ಬದಲಿ ಯಾವುದೂ ಇಲ್ಲ. ನುಗ್ಗೆಸೊಪ್ಪು, ಹುರುಳಿ, ರಾಗಿ, ಬೆಲ್ಲ ನಮ್ಮ ಅಡಿಗೆಮನೆಯಲ್ಲಿ ಇದ್ದೇ ಇವೆ. ಮನೆಮಂದಿಗೆಲ್ಲ ಬಡಿಸಿದ ಮೇಲೆ ಉಳಿದದ್ದನ್ನಲ್ಲ, ಬಸುರಿಗೆ ಮೊದಲು ಬಡಿಸಿ.

ಉತಾಕೊ ಅವರಿಗೆ ನಮ್ಮ ಊರುಗಳಲ್ಲಿ ಪ್ರತಿಮೆಯಿಲ್ಲ, ರಸ್ತೆಗೆ ಅವರ ಹೆಸರಿಲ್ಲ. ಇರಬೇಕಾಗಿಯೂ ಇಲ್ಲ. ಹೆರಿಗೆ ವಾರ್ಡಿನ ಬೀರುವಿನಲ್ಲಿ ಅವರ ಔಷಧಿಯ ಒಂದು ಪುಟ್ಟ ಸೀಸೆ ಇದ್ದರೆ ಸಾಕು. ಮುಂದಿನ ಸಾರಿ ನಿಮ್ಮೂರಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಒಂದು ಲೋಟ ಮಜ್ಜಿಗೆ ಕೊಟ್ಟು, ನಮ್ಮ ಆಸ್ಪತ್ರೆಯಲ್ಲಿ ಅದು ಇದೆಯೇನಮ್ಮಾ ಎಂದು ಕೇಳಿ. ಇಲ್ಲವೆಂದರೆ, ಏಕಿಲ್ಲ ಎಂದೂ ಕೇಳಿ.